ಟಗರಿನ ಬಾಯಿಹುಣ್ಣು

ತನ್ನ ಟಗರಿಗೆ ಮೈ ಬೆಚ್ಚಗಾದರೆ ಸಾಕು, ಭಾವ ಡಾಕ್ಟರನ್ನು ಮನೆಗೇ ಕರೆಸುತ್ತಿದ್ದ. ಅಕ್ಕನಿಗೆ ಜ್ವರ ನೆತ್ತಿಗೇರಿದಾಗ ಮಾತ್ರ, “ಕುರಿ ಪ್ರದರ್ಶನ ಮುಗೀಲಿ, ನೋಡೋಣ” ಎಂದಿದ್ದ. ಟಗರು ಬಹುಮಾನ ಗೆದ್ದು ಬಂದಾಗ ಅಕ್ಕನ ಹೆಣ ಅಂಗಳದಲ್ಲಿತ್ತು.

ಅವಳ ತಮ್ಮನಾದ ದರ್ಜಿ ಅಂದು ಅಳಲಿಲ್ಲ. ಕಣ್ಣಲ್ಲೇ ಭಾವನ ಅಳತೆ ತೆಗೆದುಕೊಂಡ.

ಕೊಲ್ಲುವ ಯೋಚನೆ ಅವನಿಗಿರಲಿಲ್ಲ. ಸತ್ತವನಿಗೆ ಎಲ್ಲಿಯ ಅವಮಾನ? ಭಾವನ ಮೀಸೆ ನಿಂತಿದ್ದು ಆ ಟಗರಿನ ಮೇಲೆ. ಊರೆದುರು ಆ ಮೀಸೆ ಮಣ್ಣಾಗಬೇಕು. ದೂರದ ಸಂತೆಯಲ್ಲಿ, ತುಟಿಯ ಸುತ್ತ ಹುಣ್ಣಾಗಿ ಹಕ್ಕಳೆಗಟ್ಟಿದ ಒಂದು ಮೇಕೆ ಕಣ್ಣಿಗೆ ಬಿದ್ದಾಗ ಅವನಿಗೆ ದಾರಿ ಕಂಡಿತು. “ಬೇರೆ ಕುರಿ ಹತ್ರ ಬಿಡಬಾರದು, ಹಿಂಡಿಗೆಲ್ಲ ಅಂಟುತ್ತೆ” ಎಂದ ಮೇಕೆಯವನು. ಪಾಪ ಎಂದು ಸವರುವವನಂತೆ ದರ್ಜಿ ಒಂದು ಹಕ್ಕಳೆ ಕಿತ್ತು ಸೂಜಿ ಡಬ್ಬಿಗೆ ಹಾಕಿಕೊಂಡ.

ಭಾವ ಮೇವು ತರಲು ಹೋಗಿದ್ದ ಮಟಮಟ ಮಧ್ಯಾಹ್ನ, ಹಿತ್ತಲ ಬೇಲಿ ದಾಟಿ ಕೊಟ್ಟಿಗೆಗೆ ನುಗ್ಗಿದ. ಅಕ್ಕ ಕೈತುತ್ತು ಕೊಟ್ಟು ಸಾಕಿದ್ದ ಟಗರು ಗುರುತು ಹಿಡಿದು ಅವನ ಅಂಗೈ ನೆಕ್ಕಿತು. ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅದರ ತುಟಿಯನ್ನು ಸೂಜಿಯಿಂದ ಗೀರಿ, ಹಕ್ಕಳೆ ಪುಡಿ ಮಾಡಿ ತಿಕ್ಕಿದ. ಅಂಗಡಿಗೆ ಬಂದು ಸೋಪು ಹಾಕಿ ಕೈ ತೊಳೆದು, ಅರ್ಧಕ್ಕೆ ಬಿಟ್ಟಿದ್ದ ರವಿಕೆಗೆ ಗುಂಡಿ ಹೊಲಿದ.

ಈ ಸಲದ ಪ್ರದರ್ಶನದ ಬಾಗಿಲಲ್ಲೇ ಟಗರನ್ನು ತಡೆದರು. ಊದಿದ, ಕರಿ ಹಕ್ಕಳೆಯ ಮೂತಿ ಕಂಡು ಜನ ಹಿಂದೆ ಸರಿದರು. ಹಗ್ಗ ಹಿಡಿದು, ತಲೆ ತಗ್ಗಿಸಿ ಭಾವ ಪೇಟೆಯ ನಡುವೆಯೇ ವಾಪಸು ನಡೆದ. ದರ್ಜಿ ಕಣ್ತುಂಬ ನೋಡಿದ. ಮೆಷಿನ್ ತುಳಿಯುತ್ತಿದ್ದ ಕಾಲು ತಾಳ ತಪ್ಪಲಿಲ್ಲ.

ಕೋಟು ಹೊಲಿಸಲು ಬಂದ ದನದ ಡಾಕ್ಟರು ಆ ಮಾತನ್ನೇ ತೆಗೆದರು. “ಹೊರಗಿನ ಕುರಿ ಒಂದೂ ಆ ಹಟ್ಟಿಗೆ ಬಂದಿಲ್ಲ. ಯಾರೋ ಬೇಕಂತಲೇ ಹಚ್ಚಿದಾರೆ.”

“ನಂಗೇನ್ ಗೊತ್ತು ಸಾರ್? ಅಕ್ಕ ಹೋದ್ಮೇಲೆ ಆ ಹೊಸ್ತಿಲು ತುಳಿದಿಲ್ಲ. ಕುರಿ ಅಂದ್ರೇನೇ ಆಗಲ್ಲ, ಒಂದನ್ನೂ ಮುಟ್ಟಿಲ್ಲ” ಎನ್ನುತ್ತ ದರ್ಜಿ ಅವರ ಕೊರಳಿಗೆ ಟೇಪು ಸುತ್ತಿದ.

ಡಾಕ್ಟರು ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ತೋರುಬೆರಳ ತುದಿಯಲ್ಲಿ ನಡುವೆ ಬಿಳಿ, ಸುತ್ತ ಕೆಂಪಾದ ಒಂದು ಬೊಕ್ಕೆ. “ಸೂಜಿ ಚುಚ್ಚಿದ್ದು ಸಾರ್, ನಂಜಾಗಿದೆ” ಎಂದ. “ನಂಜಲ್ಲ ಇದು. ಟಗರಿಗೆ ಮದ್ದು ಹಚ್ಚಿ ಹಚ್ಚಿ ನಿಮ್ಮ ಭಾವನ ಬೆರಳಿಗೂ ಇದೇ ಬಂದಿದೆ. ಕುರಿ ಬಾಯಿಂದ ಮನುಷ್ಯರ ಕೈಗೂ ಅಂಟುತ್ತೆ ಈ ಹುಣ್ಣು, ಚರ್ಮದಲ್ಲಿ ಒಂದು ಸೂಜಿ ತೂತಿದ್ರೆ ಸಾಕು” ಎಂದರು ಡಾಕ್ಟರು, ಹಿಡಿದ ಕೈ ಬಿಡದೆ.