ಸುತ್ತಿಟ್ಟ ಕೆಂಪು ದಾರ

"ನನ್ನ ಚೀಲ ಮತ್ತೆ ಹಾಳು ಮಾಡವ್ರೆ ಕಣಮ್ಮಾ!" ಎಂದು ಅಳುತ್ತಾ ಭೇರ್ಯ ಹಳ್ಳಿಯ ರಾಣಿ ಬಂದಾಗ ಮಾಯಮ್ಮ ಕಡಲೇಕಾಯಿ ಸುಲಿಯುತ್ತಿದ್ದರು. ಅವರು ಸುಲಿದ ಬೀಜವನ್ನು ನಾನು ಬಾಯಿಗೆ ಹಾಕಿಕೊಂಡು ಬೈಸಿಕೊಳ್ಳುತ್ತಿದ್ದೆ.

ಮಾಯಮ್ಮ ಪೊಲೀಸ್ ಕೆಲಸದಿಂದ ನಿವೃತ್ತರಾದವರು. ಕೃಷ್ಣರಾಜನಗರದ ನಮ್ಮ ಬೀದಿಯಲ್ಲಿ ಕೋಳಿ ಕಳೆದರೂ ಕೊಡ ಕಳೆದರೂ ಜನ ಮೊದಲು ಹತ್ತುವುದು ಅವರ ಜಗಲಿಯನ್ನೇ. ನಾನು ಶಿವಶಂಕರ, ಅವರ ಮಹಡಿಯ ಬಾಡಿಗೆದಾರ, ಒಂಟಿ ಆಸಾಮಿ. ಅವರ ಹಿಂದೆ ಸುತ್ತುವುದು ಬಿಟ್ಟರೆ ಮಧ್ಯಾಹ್ನಗಳನ್ನು ಕಳೆಯಲು ನನಗೆ ಬೇರೆ ದಾರಿಯಿರಲಿಲ್ಲ.

ರಾಣಿ ಹೊಲಿಗೆ ಕಲಿಯುತ್ತಿದ್ದದ್ದು ಸಿದ್ದಲಿಂಗಮ್ಮ ಟೀಚರ್ ಮನೆಯಲ್ಲಿ. ಅಲ್ಲಿ ಕೊನೆಯ ಪಾಠವೆಂದರೆ ಬಟ್ಟೆಯ ಚೀಲ. ಅದನ್ನು ಹೊಲಿದು, ಕತ್ತರಿಸಿದ ಬೆಂಡೆಕಾಯಿಯನ್ನು ಬಣ್ಣಕ್ಕೆ ಅದ್ದಿ ಹೂವಿನ ಅಚ್ಚು ಒತ್ತಿ, ಕುಂಚದಿಂದ ಬಳ್ಳಿ ಬರೆಯಬೇಕು. ಅಂಥದೊಂದು ಚೀಲವನ್ನು ಮರುದಿನ ಬೆಳಗ್ಗೆ ತೋರಿಸಿದರೆ ಮೈಸೂರಿನ ಅಂಗಡಿಯೊಂದು ಅವಳಿಗೆ ಕೆಲಸ ಕೊಡುತ್ತಿತ್ತು, ಇಲ್ಲದಿದ್ದರೆ ಆ ಕೆಲಸ ಬೇರೆಯವರ ಪಾಲು. ಹಿಂದಿನ ವಾರ, ಟೀಚರ್ ಮನೆಯಲ್ಲೇ ಇಟ್ಟುಹೋಗಿದ್ದ ಚೀಲದ ಹಿಡಿಗಳು ಬಿಚ್ಚಿಹೋಗಿದ್ದವು. ಈಗ ಹಿಡಿಯೂ ಬಿಚ್ಚಿತ್ತು, ಹೂವಿನ ಮೇಲೆಲ್ಲ ನೀಲಿಯೂ ಚೆಲ್ಲಿತ್ತು.

"ಟೀಚರ್ ಮನೇಲೇ ಮೊದ್ಲು ಕಲ್ತಿದ್ದ ಯಾಸ್ಮಿನ್‌ದೇ ಕೆಲ್ಸ ಕಣಮ್ಮಾ. ಆ ಅಂಗಡೀಲಿ ಅವ್ಳೂ ಕೆಲ್ಸ ಕೇಳಿದ್ಲು. ನೆನ್ನೆ ನಾನು ಬಸ್ಸಿಗೆ ವೋದ್ಮೇಲೆ ಟೀಚರ್ ಮನೆಗೆ ಬಂದಿದ್ಲಂತೆ."

"ಯಾರು ಯೋಳಿದ್ರು?"

"ಟೀಚರ್ರೇ ಯೋಳಿದ್ರು."

ಮೂವರೂ ಹೊರಟೆವು. ಟೀಚರ್ ಮನೆಯಲ್ಲಿ ನಾಲ್ಕು ಹೊಲಿಗೆ ಮಿಷನ್‌ಗಳಿದ್ದವು. ಮೂರಕ್ಕೆ ಹಳೇ ಸೀರೆ ಹೊದಿಸಿತ್ತು. ಸಿದ್ದಲಿಂಗಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಅತ್ತು ಅತ್ತು ಅವರ ಕಣ್ಣು ಊದಿಕೊಂಡಿತ್ತು. ಪಾಪ, ಇಷ್ಟು ಒಳ್ಳೆಯ ಹೆಂಗಸಿನ ಮನೆಗೆ ಬಂದು ಇಂಥ ಕೆಲಸ ಮಾಡಿದವಳಿಗೆ ಎರಡು ಬಾರಿಸಬೇಕು ಎಂದು ನನಗೆ ಸಿಟ್ಟು ಬಂತು.

ಮಾಯಮ್ಮ ಸೆರಗಿನ ತುದಿ ಒದ್ದೆ ಮಾಡಿ ಚೀಲದ ನೀಲಿಯನ್ನು ಉಜ್ಜಿದರು. ಮೇಜಿನ ಮೇಲಿದ್ದ ಬಣ್ಣದ ಬಾಟಲಿಯನ್ನು ನೋಡಿದರು. ಸೂಜಿ ಡಬ್ಬಿಯಲ್ಲಿ ಬೆರಳಾಡಿಸಿ, ರಟ್ಟಿಗೆ ಸುತ್ತಿದ ಕೆಂಪು ದಾರವನ್ನು ಎತ್ತಿಕೊಂಡರು. ಕೈ ತೊಳೆಯುವ ನೆಪದಲ್ಲಿ ಬಚ್ಚಲಮನೆಗೂ ಹೋಗಿಬಂದರು. ಆಮೇಲೆ ಯಾಸ್ಮಿನ್‌ಳನ್ನು ಕರೆದುಕೊಂಡು ಬರಲು ನನ್ನನ್ನು ಅಟ್ಟಿದರು.

ಯಾಸ್ಮಿನ್ ಬಾಗಿಲಲ್ಲೇ ನಿಂತಳು. "ಕತ್ತರಿ ವಾಪಸ್ ಕೊಡೋಕೆ ಬಂದಿದ್ದೆ ಅಷ್ಟೇ. ಇನ್ನೊಂಚೂರು ಕೂತ್ಕೊ ಅಂತ ಟೀಚರ್ ಟೀ ಕೊಟ್ರು, ನನಗೆ ಪುರುಸೊತ್ತಿರಲಿಲ್ಲ. ನನ್ ಚೀಲ ಮುಗಿದ ಮೇಲೆ ಈ ಕಡೆ ಬಂದಿದ್ದೇ ನೆನ್ನೆ."

"ಎಲ್ರೂ ಕೂತ್ಕಳಿ," ಎಂದರು ಮಾಯಮ್ಮ. "ಮೊದ್ಲು ದಾರ ನೋಡಿ. ಹಗೆಯವರಾಗಿದ್ರೆ ಕತ್ತರಿ ಆಡಿಸ್ತಿದ್ರು. ಇದು ರಾಣಿ ಕೈಯಲ್ಲಿ ಹೊಲ್ದಿದ್ದ ದಾರ. ಸೂಜಿ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚವ್ರೆ, ಎಲ್ಲೂ ತುಂಡಾಗಿಲ್ಲ. ಮತ್ತೆ ಹೊಲೀಲಿ ಅಂತ ಸುತ್ತಿ ಮಡಗವ್ರೆ. ಇನ್ನು ನೀಲಿ. ಒಗುದ್ರೂ ಹೋಗದ ಬಣ್ಣದ ಬಾಟ್ಲಿ ಚೀಲದ ಪಕ್ಕದಲ್ಲೇ ಇತ್ತು, ಅದನ್ನ ಮುಟ್ಟಿಲ್ಲ. ಬಚ್ಚಲಿಗೆ ಹೋಗಿ, ಬಿಳಿ ಬಟ್ಟೆಗೆ ಹಾಕೋ ನೀಲಿ ತಂದು ಚೆಲ್ಲವ್ರೆ. ನೀರಿಗೆ ಹಾಕಿದ್ರೆ ಬುಟ್ಕೋತದೆ. ಕೆಲ್ಸ ತಪ್ಪಿಸೋಕೆ ಬಂದೋಳು ಒಗುದ್ರೆ ಹೋಗೋ ಕಲೆ ಮಾಡ್ತಾಳಾ? ಇದು ಕೆಡಿಸೋಕೆ ಮಾಡಿದ್ದಲ್ಲ, ತಡ ಮಾಡೋಕೆ ಮಾಡಿದ್ದು. ಚೀಲ ತಡ ಆದ್ರೆ ಯಾರಿಗೆ ಬೇಕಾಗಿತ್ತು, ನೀವೇ ಯೋಳಿ ಸಿದ್ದಲಿಂಗಮ್ಮ."

ಸಿದ್ದಲಿಂಗಮ್ಮ ಬಿಚ್ಚಿದ ಹಿಡಿಯನ್ನು ಕೈಗೆತ್ತಿಕೊಂಡರು.

"ಈ ರಾಣೀನೇ ಕಡೇವ್ಳು ಕಣವ್ವಾ," ಎಂದರು. "ಈಗ ಕಲಿಯಕ್ಕೆ ಯಾರೂ ಬರಾಕಿಲ್ಲ. ಚೀಲ ಮುಗಿಸಿ ವೋದೋರು ಯಾರೂ ತಿರುಗಿ ನೋಡ್ನಿಲ್ಲ. ಇನ್ನೊಂದಿನ ಬರ್ಲಿ ಅನ್ನಿಸ್ತು. ಯಾಸ್ಮಿನ್ ಎಸ್ರು ಯೋಳ್ಬಾರದಿತ್ತು, ಎದ್ರಿಕೆಗೆ ಬಾಯಿಗೆ ಬಂದ್ಬುಡ್ತು."

ಆಗಿನ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ರಾಣಿ ಚೀಲವನ್ನು ನೀರಿನ ಬಕೆಟ್ಟಿಗೆ ಹಾಕಿದಳು. ನೀಲಿ ಇಳಿಯಿತು, ಮೊದಲೇ ಇಸ್ತ್ರಿ ಹಾಕಿ ಗಟ್ಟಿ ಮಾಡಿದ್ದ ಬೆಂಡೆ ಹೂಗಳು ಹಾಗೇ ಉಳಿದವು. ಒಂದು ಹಿಡಿಯನ್ನು ರಾಣಿ ಹೊಲಿದಳು, ಇನ್ನೊಂದನ್ನು ಯಾಸ್ಮಿನ್. ಸೂಜಿಗೆ ಕೆಂಪು ದಾರ ಪೋಣಿಸಿ ಕೊಟ್ಟವರು ಸಿದ್ದಲಿಂಗಮ್ಮನೇ. "ಬತ್ತೀನಿ ಟೀಚರ್," ಎಂದು ರಾಣಿ ಸಂಜೆ ಬಸ್ಸಿಗೆ ಹೊರಟಳು. ಹೋಗುವವರೆಲ್ಲ ಹಾಗೆಂದೇ ಹೋಗುತ್ತಾರೆ.

ಅವಳಿಗೆ ಕೆಲಸ ಸಿಕ್ಕಿತು. ಆ ವಾರದಿಂದಲೇ ಮಾಯಮ್ಮ ಮಧ್ಯಾಹ್ನವಾದರೆ ಚೀಲ ಹೊಲಿಯುವುದನ್ನು ಕಲಿಯಲು ಟೀಚರ್ ಮನೆಗೆ ಹೊರಟುಬಿಡುತ್ತಿದ್ದರು. ನಾನು ಜಗಲಿಯಲ್ಲಿ ಒಬ್ಬನೇ ಕೂರತೊಡಗಿದೆ. ದಸರಾ ಕಳೆದು ಸಂಕ್ರಾಂತಿ ಬಂದರೂ ಅವರ ಚೀಲ ಮುಗಿಯಲಿಲ್ಲ. ಕೇಳಿದರೆ, "ಹೊಲಿಗೆ ಸೊಟ್ಟ ಬತ್ತದೆ ಕಣಯ್ಯ," ಎನ್ನುತ್ತಿದ್ದರು.

ಮೊನ್ನೆ ಅವರಿಲ್ಲದಾಗ ಕಡಲೇಕಾಯಿ ಹುಡುಕುತ್ತಾ ಒಂದು ಡಬ್ಬಿ ತೆರೆದೆ. ಹಿಡಿ ಬಿಚ್ಚಿದ ಅವರ ಚೀಲದ ಜೊತೆ, ರಟ್ಟಿನ ತುಂಡಿಗೆ ಕೆಂಪು ದಾರ ಸುತ್ತಿಟ್ಟಿತ್ತು. ಎಲ್ಲೂ ತುಂಡಾಗಿರಲಿಲ್ಲ. ನಾನು ಡಬ್ಬಿಯನ್ನು ಇದ್ದ ಹಾಗೆಯೇ ಮುಚ್ಚಿಟ್ಟೆ.