ತೆರೆಯಬೇಕಾದ ಐದು ಪೆಟ್ಟಿಗೆ

ಮಾರ್ಚ್ ಹನ್ನೊಂದು, ಬೆಳಿಗ್ಗೆ 10.40. ಲೈನ್‌ಮ್ಯಾನ್‌ನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟಳು. ಒಂಬತ್ತು ದಿನದ ಹಿಂದೆ ಅವಳ ಗಂಡ ಕಂಬದ ಮೇಲೆ ವಿದ್ಯುತ್ ತಗುಲಿ ಸತ್ತಿದ್ದ. ಕೈಗವಸು ಹಾಕಿಕೊಳ್ಳದೆ ಹತ್ತಿದ್ದ, ತಪ್ಪು ಅವನದೇ ಎಂದು ವಿದ್ಯುತ್ ಕಂಪನಿ ಪತ್ರ ಕಳಿಸಿತ್ತು.

"ಹಾಕಿದ್ರು ಮೇಡಂ. ಆಸ್ಪತ್ರೆಯವ್ರು ಕೊಟ್ಟ ಬಟ್ಟೆಗಂಟಲ್ಲೇ ಇತ್ತು." ಸುಟ್ಟ ರಬ್ಬರ್ ಕೈಗವಸನ್ನು ಮೇಜಿನ ಮೇಲಿಟ್ಟಳು. "ಸತ್ತವ್ರು ಎದ್ದು ಬರಲ್ಲ ಅಂತ ಏನ್ ಬೇಕಾದ್ರೂ ಬರೀಬೋದಾ?"

ಇನ್‌ಸ್ಪೆಕ್ಟರ್ ತಾನೇ ಕೂತು ಎಫ್‌ಐಆರ್ ಬರೆದಳು.

ಮಧ್ಯಾಹ್ನ 2.15. ಕಂಪನಿಯ ಉಗ್ರಾಣದಲ್ಲಿ ಪಂಚನಾಮೆ. ಹೊರಗಿನ ಕಾರ್ಖಾನೆಯಿಂದ ಬಂದ ಅರವತ್ತು ಪೆಟ್ಟಿಗೆ ಕೈಗವಸುಗಳಲ್ಲಿ ಒಂಬತ್ತು ಪೆಟ್ಟಿಗೆ ಮಾತ್ರ ಖರ್ಚಾಗಿದ್ದವು; ಸತ್ತವನ ಕೈಗವಸು ಅವುಗಳದೇ. ಉಗ್ರಾಣದಲ್ಲಿದ್ದ ಪೆಟ್ಟಿಗೆಗಳಲ್ಲಿ ಐದರ ಮೇಲೆ 'ತಪಾಸಣೆ ಆಗಿದೆ' ಎಂಬ ಹಸಿರು ಚೀಟಿ. ಠಾಣೆಯವರೆಲ್ಲ ದೊಡ್ಡಪ್ಪ ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್ ಒಂದೊಂದು ಪೆಟ್ಟಿಗೆಯ ಕೈಗವಸಿಗೂ ಗಾಳಿ ತುಂಬಿಸಿ, ಬಾಯಿ ಸುತ್ತಿ ಹಿಂಡಿದ. ಹಸಿರು ಚೀಟಿಯವು ಉಬ್ಬಿ ನಿಂತವು. ಉಳಿದವು ಉಸ್ಸೆಂದು ಮುದುಡಿದವು.

"ಏನ್ ಪವಾಡ ಮೇಡಂ! ಪರೀಕ್ಷೆ ಮಾಡಿದ್ದೆಲ್ಲ ಗಟ್ಟಿ, ಮಾಡದ್ದೆಲ್ಲ ಜರಡಿ."

"ಪವಾಡ ಅಲ್ಲ ದೊಡ್ಡಪ್ಪ. ಯಾವ ಐದು ತೆರೀತಾರೆ ಅಂತ ಕಾರ್ಖಾನೆಯವ್ರಿಗೆ ಮೊದ್ಲೇ ಗೊತ್ತಿತ್ತು."

ಇಂಥ ಸರಕಿನ ತಪಾಸಣೆಗೆ ಯೋಜನೆ ಹಾಕುವವಳು ಕಂಪನಿಯ ಗುಣಮಟ್ಟ ಅಧಿಕಾರಿ. ಸರಕಿನ ಮುಂದೆ ನಿಂತು, ಅಲ್ಲೇ ಚೀಟಿ ಎತ್ತಿ ಪೆಟ್ಟಿಗೆ ಆರಿಸಬೇಕೆಂಬುದು ನಿಯಮ. ಅದನ್ನು ಬರೆದವಳೂ ಅವಳೇ. ತಪಾಸಣೆಗೆ ಎಂಟು ದಿನ ಮೊದಲು ಅವಳು ಕಾರ್ಖಾನೆಗೆ ಕಳಿಸಿದ ಪತ್ರ ಕಂಪ್ಯೂಟರಿನಲ್ಲಿ ಸಿಕ್ಕಿತು: '4, 17, 23, 38, 51. ದಯವಿಟ್ಟು ಈ ಪೆಟ್ಟಿಗೆಗಳನ್ನು ಮುಂದೆ ತೆಗೆದಿಡಿ.'

ಮಾರ್ಚ್ ಹದಿಮೂರು, 11.00. ಗುಣಮಟ್ಟ ಅಧಿಕಾರಿಯ ವಿಚಾರಣೆ.

"ಕಾರ್ಖಾನೆಯವ್ರು ಏನ್ ಕೊಟ್ರು?"

"ಏನೂ ಇಲ್ಲ."

"ಮತ್ತೆ ಯಾಕೆ?"

"ಮೂರು ಸಲ ಅವ್ರ ಸರಕು ವಾಪಸ್ ಕಳಿಸ್ದೆ. ಮೂರು ಸಲಾನೂ ಮೀಟಿಂಗಲ್ಲಿ ನಮ್ಮ ಕಂಪನಿಯವ್ರೇ, 'ಬಂದ್ಲಪ್ಪ ಅತ್ತೆ, ಉಪ್ಪಿಲ್ಲ ಹುಳಿಯಿಲ್ಲ ಅಂತಾಳೆ' ಅಂದು ನಕ್ರು. ನಂಗೂ ಸಾಕಾಗಿತ್ತು."

"ಉಳಿದ ಪೆಟ್ಟಿಗೆಯವು ತೂತು ಅಂತ ಗೊತ್ತಿತ್ತಾ?"

ಅಧಿಕಾರಿ ಸೆರಗಿನ ಅಂಚು ತಿರುವುತ್ತ ಕೂತಳು. "ಗೊತ್ತು ಮಾಡ್ಕೊಳ್ಳೋದು ಬೇಡ ಅನ್ಸಿತ್ತು."

ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಅಂಥ ನಗು ಅವಳಿಗೂ ಹೊಸದಲ್ಲ. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು. "ನಕ್ಕವ್ರು ನಿಮ್ಮನ್ನ ನೋಡಿ ನಕ್ರು. ಕಂಬ ಹತ್ತಿದವ್ನು ಏನ್ ಮಾಡಿದ್ದ?"

ಸಂಜೆ 4.30ಕ್ಕೆ ಅಧಿಕಾರಿಯನ್ನು, 6.10ಕ್ಕೆ ಕಾರ್ಖಾನೆಯ ಮಾಲೀಕನನ್ನು ಬಂಧಿಸಲಾಯಿತು. ಸಭೆಯಲ್ಲಿ ನಕ್ಕವರಿಗೆ ಹಾಕಲು ಯಾವ ಕಲಮೂ ಇರಲಿಲ್ಲ.

ಲೈನ್‌ಮ್ಯಾನ್‌ನ ಹೆಂಡತಿ ಅಂದೇ ಬಂದಳು. "ಕೈಗವಸು ಹಾಕಿದ್ರು ಅಂತ ಬರೆದ್ರಾ?"

"ಮೊದಲ್ನೇ ಸಾಲೇ ಅದು."

ಅವಳು ಅದನ್ನು ಎರಡು ಸಲ ಓದಿಸಿಕೊಂಡು ಹೋದಳು.

ಕಡತದಲ್ಲಿ 'ಉದ್ದೇಶ' ಎಂಬ ಜಾಗ ಖಾಲಿಯಿತ್ತು. ಆರೋಪಿಯ ಹೇಳಿಕೆಯ ಕೊನೆಯ ಪುಟ ನೋಡಿ ಇನ್‌ಸ್ಪೆಕ್ಟರ್ ಅಲ್ಲಿ ಬರೆದಳು: 'ಆ ಸರಕು ಪಾಸಾದ ದಿನ, ಸಭೆಯಲ್ಲಿ ಮೊದಲ ಸಲ ಒಬ್ಬರು ಎದ್ದು ಆಕೆಗೆ ಕುರ್ಚಿ ಕೊಟ್ಟರು.'