ಮರಕುಟಿಗಕ್ಕೆ ಇಬ್ಬರು ವಾರಸುದಾರರು

"ಕಳ್ಳ ಬಂದಿದ್ದೀನಿ," ಎಂದು ಬಂದವನು ನೋಟಿಸನ್ನು ಮೇಜಿನ ಮೇಲಿಟ್ಟ. "ನಿಮ್ಮ ವಕೀಲರು ನಾಲ್ಕು ಪುಟ ಬೈದಿದ್ದಾರೆ. ಉಳಿದಿದ್ದನ್ನ ನೀವೇ ಬೈದುಬಿಡಿ."

ಅವಳು ಉಳಿ ಮಸೆಯುವುದನ್ನು ನಿಲ್ಲಿಸಿದಳು. ಬೈಯಲು ಬಾಯಿ ತೆರೆದವಳು ಅವನ ಕಿವಿ ಕೆಂಪಾಗಿದ್ದು ಕಂಡು ಕುರ್ಚಿ ತೋರಿಸಿದಳು.

'ಮರಕುಟಿಗ' ಅವಳ ಅಜ್ಜ ತಾವು ಮಾಡುತ್ತಿದ್ದ ಉಳಿಗಳಿಗೆ ನೋಂದಾಯಿಸಿದ್ದ ಟ್ರೇಡ್‌ಮಾರ್ಕ್. ಅದೇ ಹೆಸರಿನ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಮಾತ್ರ ಹನ್ನೊಂದು ವರ್ಷದಿಂದ ಹಕ್ಕಿ ಹುಚ್ಚಿನ ಈ ಮೇಷ್ಟ್ರ ಕೈಯಲ್ಲಿತ್ತು. ಉಳಿ ಹುಡುಕಿಕೊಂಡು ಹೋದವರಿಗೆ ಅಲ್ಲಿ ಮರಕುಟಿಗಗಳ ಫೋಟೋ, ಕೂಗು ಸಿಗುತ್ತಿತ್ತು. ಅಂಗಡಿಗೆ ಆರ್ಡರ್ ಕಡಿಮೆಯಾಗಿತ್ತು. ವಕೀಲೆಯಾದ ಚಿಕ್ಕಮ್ಮ ಸಂಜೆ ಐದಕ್ಕೆ ದೂರು ಸಲ್ಲಿಸುವವರಿದ್ದರು. ಗೆದ್ದರೆ ಡೊಮೇನ್ ಅವಳದು. ಅವನ ಹನ್ನೊಂದು ವರ್ಷದ ವಿಳಾಸ ಹೋದ ಹಾಗೆಯೇ.

"ನಿಮ್ಮ ಗಿರಾಕಿಗಳನ್ನ ನಾನು ಕದ್ದಿಲ್ಲ," ಎಂದು ಅವನು ಫೈಲು ಬಿಚ್ಚಿದ. ಉಳಿ ಕೇಳಿ ಬಂದಿದ್ದ ಮುನ್ನೂರ ಹನ್ನೆರಡು ಈಮೇಲ್. ಎಲ್ಲಕ್ಕೂ ಉತ್ತರ, ಕೊನೆಯಲ್ಲಿ ಅವಳ ಅಂಗಡಿಯ ಫೋನ್ ನಂಬರ್.

"'ಅಲಗನ್ನು ಇಪ್ಪತ್ತೈದು ಡಿಗ್ರಿಗೆ ಮಸೆಯಿರಿ'..." ಅವಳು ಒಂದು ಉತ್ತರ ಓದಿದಳು. "ಇದನ್ನ ನಿಮಗೆ ಯಾರು ಹೇಳಿಕೊಟ್ರು?"

"ನೀವೇ. ಶನಿವಾರ ಫೋನ್ ಮಾಡಿ ಕೇಳ್ತಿದ್ದೆ."

"ಅಯ್ಯೋ, ಆ ಶನಿವಾರದವರು ನೀವಾ! ಅಷ್ಟು ಪ್ರಶ್ನೆ ಕೇಳಿ ಒಂದೇ ಒಂದು ಉಳಿ ಕೊಳ್ಳಲಿಲ್ಲವಲ್ರೀ?"

"ಕೊಂಡಿದ್ರೆ ಪ್ರಶ್ನೆ ಮುಗಿದುಹೋಗ್ತಿತ್ತಲ್ಲ."

ಶನಿವಾರ ಫೋನ್ ಎತ್ತಲು ಅಪ್ಪನಿಗಿಂತ ಮೊದಲು ತಾನೇ ಓಡುತ್ತಿದ್ದುದು ನೆನಪಾಗಿ ಈಗ ಅವಳ ಕಿವಿಯೂ ಬಿಸಿಯಾಯಿತು. ಚಿಕ್ಕಮ್ಮನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲ ಹೇಳಿದಳು.

"ನಮ್ಮ ಗಿರಾಕಿಗಳಿಗೆ ಅವನೇ ಉತ್ತರ ಬರೆದಿದ್ದಾನಾ? ನಮ್ಮ ಹೆಸರು ಬಳಸ್ಕೊಂಡ ಅಂತ ವಾದಿಸೋಕೆ ಇನ್ನೇನು ಬೇಕು! ಆ ಫೈಲು ಈಗಲೇ ಕಳಿಸೇ, ಗೆದ್ದುಬಿಟ್ವಿ!"

ಅವನು ಫೈಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳೇ ಅದನ್ನು ಮುಚ್ಚಿ ಅವನ ಕಡೆ ಸರಿಸಿದಳು.

"ದೂರು ಬೇಡ, ಚಿಕ್ಕಮ್ಮ."

"ತಲೆ ಕೆಟ್ಟಿದೆಯೇನೇ?"

"ಹೂಂ, ಸ್ವಲ್ಪ. ಮೊದಲ ಪುಟ ಇಬ್ಬರೂ ಹಂಚ್ಕೊಳ್ತೀವಿ. ಎಡಕ್ಕೆ ನಮ್ಮ ಉಳಿ, ಬಲಕ್ಕೆ ಇವರ ಹಕ್ಕಿ. ನೋಡೋರಿಗೆ ಯಾವುದು ಬೇಕೋ ಅದನ್ನ ಒತ್ತಲಿ." ಅವಳು ಅವನತ್ತ ನೋಡಿದಳು. "ಒಪ್ಪಿಗೇನಾ ಮೇಷ್ಟ್ರೇ?"

"ಶನಿವಾರದ ಫೋನೂ ಸೇರಿಸಿದ್ರೆ ಒಪ್ಪಿಗೆ."

"ಫೋನ್ ಯಾಕೆ? ಇಲ್ಲಿಗೇ ಬನ್ನಿ."

ಅತ್ತ ಚಿಕ್ಕಮ್ಮ ನಿಟ್ಟುಸಿರು ಬಿಟ್ಟು ಪೆನ್ನು ಹುಡುಕಿದರು. "ಸರಿ, ಒಪ್ಪಂದ ಬರೀತೀನಿ. ಎಷ್ಟು ವರ್ಷಕ್ಕೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವನೇ ಫೋನಿನತ್ತ ಬಾಗಿದ.

"ಕೊನೆ ದಿನಾಂಕ ಬೇಡ, ಮೇಡಂ."

ಅವಳು ಬೇಡವೆನ್ನಲಿಲ್ಲ; ನಕ್ಕಳು.

"ಅಂಥ ಒಪ್ಪಂದಕ್ಕೆ ವಕೀಲೆ ಯಾಕೆ ಕಣೇ," ಎಂದರು ಚಿಕ್ಕಮ್ಮ, "ಮೊದಲು ನಿಮ್ಮಪ್ಪನ್ನ ಕರಿ."